ಟಿಎಲ್‌ಡಿ ಬ್ಯಾಡ್ಜ್: ಪೊಟ್ಟಣ ಬಿಚ್ಚುವ ದಿನದಿಂದ ಡೋಸ್ ವರದಿ ಕೈಗೆ ಬರುವ ತನಕ

ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ರೇಡಿಯೇಶನ್ ಸೇಫ್ಟಿ ನೋಡಿಕೊಳ್ಳುವುದು ನನ್ನ ಕೆಲಸ. ಎಕ್ಸ್‌ರೇಯಂಥ ಕಿರಣದ ನಡುವೆ ಕೆಲಸ ಮಾಡುವವರ ಮೈಗೆ ಎಷ್ಟು ಕಿರಣ ತಾಗಿತು, ಅಂದರೆ ಎಷ್ಟು ಡೋಸ್ ಬಂತು, ಅಂತ ಅಳೆಯಲು ಎದೆಗೆ ಸಿಕ್ಕಿಸುವ ಪುಟ್ಟ ಬ್ಯಾಡ್ಜೇ ಟಿಎಲ್‌ಡಿ (ಥರ್ಮೋಲ್ಯೂಮಿನೆಸೆಂಟ್ ಡೋಸಿಮೀಟರ್). ಡೋಸ್ ವರದಿ ಬರುವ ಹೊತ್ತಿಗೆ ಬೀದರ್, ಯಾದಗಿರಿ, ಸೇಡಂ, ಶಹಾಪುರ ಕಡೆಯಿಂದ ಫೋನ್ ಬರಲು ಶುರುವಾಗುತ್ತದೆ. ಎಕ್ಸ್‌ರೇ ಟೆಕ್ನಿಷಿಯನ್ನರು, ಓಟಿ (ಆಪರೇಷನ್ ಥಿಯೇಟರ್) ಸಿಸ್ಟರ್‌ಗಳು, ಒಮ್ಮೊಮ್ಮೆ ಡಾಕ್ಟರೇ ಮಾಡುತ್ತಾರೆ. ಎಲ್ಲರ ಮಾತೂ ಹೆಚ್ಚುಕಡಿಮೆ ಒಂದೇ. “ಸರ, ನಾ ಏನೂ ಮಾಡಿಲ್ರಿ. ಇಷ್ಟ್ಯಾಕ ಡೋಸ್ ಬಂದದ?”

ಹತ್ತು ನಿಮಿಷ ಮಾತಾಡಿದರೆ ಕಾರಣ ಸಿಗುತ್ತದೆ. ಬ್ಯಾಡ್ಜ್ ಕಿರಣ ತಡೆಯುವ ಸೀಸದ ಏಪ್ರನ್ನಿಗೇ ಸಿಕ್ಕಿಸಿತ್ತು, ಏಪ್ರನ್ ಎಕ್ಸ್‌ರೇ ರೂಮಿನೊಳಗೆ ನೇತಾಡುತ್ತಿತ್ತು. ಮೂರು ತಿಂಗಳು ಡೋಸ್ ತಿಂದದ್ದು ಬ್ಯಾಡ್ಜ್, ಮನುಷ್ಯ ಅಲ್ಲ. ಆದರೆ ದಾಖಲೆಯಲ್ಲಿ ಆ ಡೋಸ್ ಅವರ ಹೆಸರಿಗೇ ಬಂದು ಕೂತಿತು. ಆ ಸಂಕಟ ಇನ್ನೊಬ್ಬರಿಗೆ ಬರಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವೆ ಒಂದು ಬಿಟ್ಟರೆ ಮುಂದಿನದು ಕೆಡುತ್ತದೆ.

ಮೊದಲೇ ಒಂದು ಮಾತು. ಬ್ಯಾಡ್ಜ್ ಕಿರಣವನ್ನು ತಡೆಯುವುದಿಲ್ಲ. ಡೋಸ್ ಜಾಸ್ತಿಯಾದರೆ ಕೂಗುವುದೂ ಇಲ್ಲ. ನಿಮ್ಮ ಮೈಗೆ ಎಷ್ಟು ತಾಗಿತು ಅನ್ನೋದನ್ನು ಸುಮ್ಮನೆ ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೇ. ಹಾಗಾಗಿ ನೀವು ಇದ್ದಲ್ಲಿ ಅದೂ ಇರಬೇಕು. ನೀವು ಇಲ್ಲದ ಹೊತ್ತಿನಲ್ಲಿ ಅದು ಕಿರಣದ ಹತ್ತಿರವೂ ಇರಬಾರದು. ಮುಂದೆ ಹೇಳುವುದೆಲ್ಲ ಈ ಎರಡು ಮಾತಿನಿಂದಲೇ ಬಂದದ್ದು.

## ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ದುಬಾರಿ ಸಾಮಾನು ಏನೂ ಬೇಡ. ಗಟ್ಟಿ ರಟ್ಟಿನ ಒಂದು ರಿಜಿಸ್ಟರ್. ಕೊಕ್ಕೆ ಹೊಡೆದ ಒಂದು ಮರದ ಹಲಗೆ, ಪ್ರತಿ ಕೊಕ್ಕೆಯ ಮೇಲೂ ಒಂದೊಂದು ಹೆಸರು. ಅಳಿಸಿ ಹೋಗದ ಮಾರ್ಕರ್ ಪೆನ್ನು. ಕೊರಿಯರ್ ರಸೀದಿ ಇಡಲು ಒಂದು ಫೈಲ್. ಬೀಗ ಇರುವ ಒಂದು ಡ್ರಾಯರ್. ನಿಮ್ಮಲ್ಲಿ ಸರ್ವೆ ಮೀಟರ್ (ಕಿರಣ ಎಷ್ಟಿದೆ ಅಂತ ಅಲ್ಲೇ ತೋರಿಸುವ ಉಪಕರಣ) ಇದ್ದರೆ ಅದನ್ನೂ ಚಾರ್ಜ್ ಮಾಡಿ ಇಟ್ಟುಕೊಳ್ಳಿ, ಹಲಗೆ ಹೊಡೆಯುವ ಜಾಗ ನೋಡಲು ಬೇಕಾಗುತ್ತದೆ.

ಜೊತೆಗೆ ಒಬ್ಬ ಮನುಷ್ಯ ಬೇಕು. ಆರ್‌ಎಸ್‌ಓ, ಅಂದರೆ ರೇಡಿಯೇಶನ್ ಸೇಫ್ಟಿ ಆಫೀಸರ್, ಇದ್ದರೆ ಅವರೇ ಸರಿ. ಅವರು ರಜೆಯಲ್ಲಿದ್ದಾಗ ಯಾರು ಅನ್ನೋದನ್ನೂ ರಿಜಿಸ್ಟರಿನ ಮೊದಲ ಪುಟದಲ್ಲಿ ಬರೆದಿಡಿ. “ಎಲ್ಲರೂ ನೋಡಿಕೊಳ್ತೀವಿ” ಅಂದ ಕಡೆ ಯಾರೂ ನೋಡಿಕೊಂಡದ್ದು ನಾನು ಕಂಡಿಲ್ಲ.

## ಹಂತ 1: ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಪಟ್ಟಿ ಮಾಡಿ

ಎಕ್ಸ್‌ರೇ, ಸಿಟಿ, ಕ್ಯಾತ್ ಲ್ಯಾಬ್ (ಹೃದಯದ ರಕ್ತನಾಳಗಳನ್ನು ಎಕ್ಸ್‌ರೇಯಲ್ಲಿ ನೋಡುತ್ತಾ ಚಿಕಿತ್ಸೆ ಮಾಡುವ ಕೋಣೆ), ಸಿ-ಆರ್ಮ್ (ಆಪರೇಷನ್ ನಡೆಯುವಾಗಲೇ ಬಳಸುವ ಎಕ್ಸ್‌ರೇ ಮೆಷಿನ್) ಇರುವ ಓಟಿ, ರೇಡಿಯೋಥೆರಪಿ, ನ್ಯೂಕ್ಲಿಯರ್ ಮೆಡಿಸಿನ್. ಇಲ್ಲಿ ದಿನನಿತ್ಯ ಕಿರಣದ ನಡುವೆ ಕೆಲಸ ಮಾಡುವವರೆಲ್ಲ ಪಟ್ಟಿಗೆ ಬರಬೇಕು. ಟೆಕ್ನಿಷಿಯನ್ ಹೆಸರು ಯಾರೂ ಮರೆಯುವುದಿಲ್ಲ. ಮರೆಯುವುದು ಸಿ-ಆರ್ಮ್ ಪಕ್ಕದಲ್ಲಿ ಗಂಟೆಗಟ್ಟಲೆ ನಿಲ್ಲುವ ಸಿಸ್ಟರ್‌ಗಳನ್ನು, ಅನಸ್ತೇಶಿಯಾ ಟೆಕ್ನಿಷಿಯನ್ನರನ್ನು, ಮೂಳೆ ಡಾಕ್ಟರನ್ನು.

ಎಂಆರ್‌ಐ ಮತ್ತು ಅಲ್ಟ್ರಾಸೌಂಡ್‌ನಲ್ಲಿ ಮಾತ್ರ ಕೆಲಸ ಮಾಡುವವರಿಗೆ ಬ್ಯಾಡ್ಜ್ ಬೇಡ. ಅಲ್ಲಿ ಈ ಜಾತಿಯ ಕಿರಣವೇ ಇಲ್ಲ. “ನಮಗ್ಯಾಕ ಕೊಟ್ಟಿಲ್ರಿ?” ಅಂತ ಅವರು ಕೇಳಿದರೆ ಇದನ್ನೇ ಸಮಾಧಾನದಿಂದ ಹೇಳಿ. ಸುಮ್ನೆ ಬಿಟ್ಟರೆ ಅನುಮಾನ ಬೆಳೆಯುತ್ತದೆ.

ಒಂದು ಬ್ಯಾಡ್ಜ್ ಒಬ್ಬರಿಗೇ. “ನೈಟ್ ಡ್ಯೂಟಿಯವರಿಗೆ ಕಾಮನ್ ಬ್ಯಾಡ್ಜ್” ಅನ್ನೋದು ಎಲ್ಲೂ ಇರಬಾರದು. ಇಬ್ಬರು ಹಾಕಿಕೊಂಡ ಬ್ಯಾಡ್ಜ್ ಇಬ್ಬರ ಲೆಕ್ಕಕ್ಕೂ ಬಾರದು.

ಹೊಸಬರು ಸೇರಿದಾಗ ಮೊದಲ ಪ್ರಶ್ನೆ ಇದು: ಹಿಂದೆ ಎಲ್ಲಾದರೂ ಟಿಎಲ್‌ಡಿ ಹಾಕಿದ್ದೀರಾ? ಹಾಕಿದ್ದರೆ ಅವರಿಗೆ ಆಗಲೇ ಒಂದು ನಂಬರ್ ಇರುತ್ತದೆ. ನಮ್ಮ ದೇಶದಲ್ಲಿ ಎಲ್ಲ ವಿಕಿರಣ ಕೆಲಸಗಾರರ ಡೋಸ್ ಲೆಕ್ಕ ಮುಂಬೈಯ ಬಿಎಆರ್‌ಸಿ (ಭಾಭಾ ಪರಮಾಣು ಸಂಶೋಧನಾ ಕೇಂದ್ರ) ನಡೆಸುವ ರಾಷ್ಟ್ರೀಯ ನೋಂದಣಿಯಲ್ಲಿ ಸೇರುತ್ತದೆ. ಹಳೆ ನಂಬರ್ ಹೇಳದೆ ಹೊಸದು ಮಾಡಿಸಿದರೆ ಒಬ್ಬರೇ ಮನುಷ್ಯ ಇಬ್ಬರಾಗಿ ಬಿಡುತ್ತಾರೆ. ಹೈದರಾಬಾದಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿ ಊರಿಗೆ ಮರಳಿದವರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಆ ನಾಲ್ಕು ವರ್ಷದ ಲೆಕ್ಕ ಕಳೆದುಹೋಗಬಾರದು ಅಲ್ವಾ?

## ಹಂತ 2: ಪೊಟ್ಟಣ ಬಂದ ದಿನವೇ ಬಿಚ್ಚಿ ನೋಡಿ

ಮೂರು ತಿಂಗಳಿಗೊಮ್ಮೆ ಮಾನ್ಯತೆ ಪಡೆದ ಪ್ರಯೋಗಾಲಯದಿಂದ ಹೊಸ ಕಾರ್ಡ್‌ಗಳು ಬರುತ್ತವೆ. ಪ್ಲಾಸ್ಟಿಕ್ ಹೋಲ್ಡರ್ ನಿಮ್ಮಲ್ಲೇ ಉಳಿಯುತ್ತದೆ, ಒಳಗಿನ ಕಾರ್ಡ್ ಮಾತ್ರ ಬದಲಾಗುತ್ತದೆ. ಪೊಟ್ಟಣವನ್ನು ಎಕ್ಸ್‌ರೇ ರೂಮಿನ ಟೇಬಲ್ ಮೇಲೆ ಬಿಚ್ಚಬೇಡಿ. ಆಫೀಸಿನಲ್ಲಿ ಕೂತು ಬಿಚ್ಚಿ.

ಕಾರ್ಡ್ ಕಾಗದದಲ್ಲಿ ಸುತ್ತಿರುತ್ತದೆ. ಕಾಗದದ ಮೇಲೆ ಹೆಸರು, ನಂಬರ್, ಅವಧಿ ಇರುತ್ತದೆ. ಪಟ್ಟಿ ಹಿಡಿದು ಒಂದೊಂದೇ ಹೆಸರು ಓದಿ ಟಿಕ್ ಹಾಕಿ. ಒಂದೇ ಹೆಸರಿನ ಇಬ್ಬರು ಇದ್ದರೆ ನಂಬರ್ ನೋಡಿಯೇ ಕೊಡಿ. ನಮ್ಮ ಭಾಗದಲ್ಲಿ ಶರಣಪ್ಪ, ಬಸವರಾಜ ಅನ್ನುವವರು ಒಂದೇ ವಿಭಾಗದಲ್ಲಿ ಇಬ್ಬಿಬ್ಬರು ಇರುವುದು ಹೊಸದೇನಲ್ಲ.

ಕಾಗದವನ್ನು ಬಿಚ್ಚಬೇಡಿ. ಒಳಗಿರುವುದು ಅಲ್ಯೂಮಿನಿಯಂ ತಗಡು, ಅದರ ಮೇಲೆ ಮೂರು ಬಿಳಿ ಬಿಲ್ಲೆಗಳು. ಕ್ಯಾಲ್ಸಿಯಂ ಸಲ್ಫೇಟಿಗೆ ಡಿಸ್ಪ್ರೋಸಿಯಂ ಸೇರಿಸಿ, ಟೆಫ್ಲಾನ್ ಜೊತೆ ಒತ್ತಿ ಮಾಡಿದ ಬಿಲ್ಲೆಗಳು ಅವು. ಕಿರಣ ತಾಗಿದರೆ ಆ ಶಕ್ತಿಯನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ ಕಾಯಿಸಿದಾಗ ಬೆಳಕಾಗಿ ಬಿಡುತ್ತವೆ. ಎಷ್ಟು ಬೆಳಕೋ ಅಷ್ಟು ಡೋಸ್. ಎಣ್ಣೆ ಕೈ, ಧೂಳು, ಬೆವರು ತಾಗಿದರೆ ಆ ಅಳತೆ ಕೆಡುತ್ತದೆ.

ಇನ್ನು ಹೋಲ್ಡರ್. ಇದನ್ನು ಯಾರೂ ನೋಡುವುದೇ ಇಲ್ಲ, ನೀವು ನೋಡಿ. ತೆರೆದರೆ ಮೂರು ಭಾಗ ಕಾಣುತ್ತವೆ. ಒಂದು ಬಿಲ್ಲೆಗೆ ತಾಮ್ರ ಮತ್ತು ಅಲ್ಯೂಮಿನಿಯಂ ಫಿಲ್ಟರ್, ಇನ್ನೊಂದಕ್ಕೆ ಪ್ಲಾಸ್ಟಿಕ್, ಮೂರನೆಯದಕ್ಕೆ ಏನೂ ಇಲ್ಲದ ಕಿಂಡಿ. ಮೂರರಲ್ಲಿ ಬಂದ ಅಳತೆ ಹೋಲಿಸಿಯೇ ಯಾವ ಬಗೆಯ ಕಿರಣ ಬಿದ್ದಿದೆ ಅಂತ ತಿಳಿಯುವುದು. ಲೋಹದ ಫಿಲ್ಟರ್ ಉದುರಿದ ಹೋಲ್ಡರ್ ಹಾಕಿಕೊಂಡರೆ ಮೂರು ತಿಂಗಳ ಲೆಕ್ಕ ತಪ್ಪುತ್ತದೆ. ಕಿವಿ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಟಕಟಕ ಸದ್ದು ಬಂದರೆ ಒಳಗೆ ಏನೋ ಬಿಟ್ಟಿದೆ ಅಂತ ಅರ್ಥ. ಬಿರುಕು ಬಿಟ್ಟದ್ದು, ಕ್ಲಿಪ್ ಮುರಿದದ್ದು ಬದಲಾಯಿಸಿ. ಗಮ್ ಟೇಪ್ ಸುತ್ತಿ ಓಡಿಸಬೇಡಿ, ಟೇಪು ಕಿಂಡಿಯನ್ನೇ ಮುಚ್ಚುತ್ತದೆ.

ಕಾರ್ಡಿನ ಒಂದು ತುದಿಯಲ್ಲಿ ಕಚ್ಚು ಇರುತ್ತದೆ. ಅದು ಹೋಲ್ಡರಿನಲ್ಲಿ ಒಂದೇ ರೀತಿ ಕೂರುತ್ತದೆ. ಒತ್ತಿ ಕೂರಿಸಬೇಕಾಗಿ ಬಂದರೆ ತಿರುವುಮುರುವು ಹಿಡಿದಿದ್ದೀರಿ. ತೆಗೆದು ಮತ್ತೆ ಹಾಕಿ.

## ಹಂತ 3: ಕಂಟ್ರೋಲ್ ಬ್ಯಾಡ್ಜನ್ನು ಮೊದಲು ಬೇರೆ ಇಡಿ

ಪೊಟ್ಟಣದಲ್ಲಿ ಯಾರ ಹೆಸರೂ ಇಲ್ಲದ ಒಂದು ಬ್ಯಾಡ್ಜ್ ಇರುತ್ತದೆ. “ಇದು ಎಕ್ಸ್‌ಟ್ರಾ ಬಂದದ” ಅಂತ ಹೊಸದಾಗಿ ಸೇರಿದ ಹುಡುಗನಿಗೆ ಕೊಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದು ಎಕ್ಸ್‌ಟ್ರಾ ಅಲ್ಲ, ಕಂಟ್ರೋಲ್.

ಭೂಮಿ, ಕಲ್ಲು, ಗಾಳಿ, ಆಕಾಶ ಎಲ್ಲ ಕಡೆಯಿಂದ ನಮಗೆ ಸ್ವಲ್ಪ ಕಿರಣ ಬರುತ್ತಲೇ ಇರುತ್ತದೆ. ಜಗತ್ತಿನ ಸರಾಸರಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ (ಡೋಸ್ ಅಳೆಯುವ ಮಾನ). ಕೊರಿಯರ್ ದಾರಿಯಲ್ಲೂ ಬ್ಯಾಡ್ಜಿಗೆ ಏನಾದರೂ ತಾಗಿರಬಹುದು. ಕಂಟ್ರೋಲ್ ಬ್ಯಾಡ್ಜಿನ ಅಳತೆಯನ್ನು ಉಳಿದವರ ಅಳತೆಯಿಂದ ಕಳೆದರೆ ಕೆಲಸದಿಂದ ಬಂದದ್ದು ಮಾತ್ರ ಉಳಿಯುತ್ತದೆ. ಕಂಟ್ರೋಲ್ ಬ್ಯಾಡ್ಜೇ ಎಕ್ಸ್‌ರೇ ರೂಮಿನಲ್ಲಿ ಇದ್ದರೆ? ಎಲ್ಲರ ನಿಜವಾದ ಡೋಸ್ ಕೂಡ ಅದರಲ್ಲಿ ಕಳೆದುಹೋಗುತ್ತದೆ. ಕಾಗದದಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ಮೈ ಮಾತ್ರ ಡೋಸ್ ತಗೊಂಡಿದೆ. ಈ ತಪ್ಪು ನನಗೆ ಎಲ್ಲಕ್ಕಿಂತ ಹೆದರಿಕೆ ತರುವಂಥದ್ದು, ಯಾಕೆಂದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆದ್ದರಿಂದ ಬೇರೆ ಬ್ಯಾಡ್ಜ್ ಹಂಚುವ ಮುಂಚೆಯೇ ಇದನ್ನು ಬೀಗದ ಡ್ರಾಯರಿಗೆ ಹಾಕಿ. ಆ ಡ್ರಾಯರ್ ಎಕ್ಸ್‌ರೇ ರೂಮಿನಿಂದ ದೂರ ಇರಲಿ. ಮೇಲಿನ ಮಹಡಿಯ ಆಫೀಸ್ ಅಂತ ಆರಿಸಿದರೆ ಅದರ ಕೆಳಗೆ ಏನಿದೆ ನೋಡಿ, ಸಿಟಿ ರೂಮ್ ಇರಬಹುದು.

## ಹಂತ 4: ಹಾಕಿಕೊಳ್ಳುವ ರೀತಿ

ಎದೆಯ ಮಟ್ಟಕ್ಕೆ. ಹೆಸರು ಹೊರಗೆ ಕಾಣುವ ಹಾಗೆ. ಲೆಡ್ ಏಪ್ರನ್ ಹಾಕಿದಾಗ ಅದರ ಒಳಗೆ.

ಒಳಗೆ ಯಾಕೆ ಅನ್ನುವುದರಲ್ಲೇ ಜಾಸ್ತಿ ಜನ ಎಡವುತ್ತಾರೆ. “ಒಳಗೆ ಹಾಕಿದರೆ ಅದಕ್ಕೆ ಕಿರಣ ತಾಗೋದೇ ಇಲ್ಲ, ಮತ್ತ್ಯಾಕ ಹಾಕಬೇಕ್ರಿ?” ಅಂತ ಕೇಳುತ್ತಾರೆ. ನಮಗೆ ಬೇಕಾದದ್ದು ನಿಮ್ಮ ಮೈಗೆ ಬಂದ ಲೆಕ್ಕ. ಏಪ್ರನ್ ತಡೆದದ್ದು ನಿಮ್ಮ ಮೈಗೆ ಬಂದಿಲ್ಲ. ಬ್ಯಾಡ್ಜ್ ಹೊರಗೆ ಇದ್ದರೆ ಏಪ್ರನ್ನೇ ಹಾಕದೆ ನಿಂತ ಹಾಗೆ ವರದಿ ಬರುತ್ತದೆ. ಕ್ಯಾತ್ ಲ್ಯಾಬಿನವರಿಗೆ ಕೆಲವೊಮ್ಮೆ ಕುತ್ತಿಗೆಯ ಹತ್ತಿರ ಹೊರಗೆ ಹಾಕಲು ಎರಡನೇ ಬ್ಯಾಡ್ಜ್, ಕೈಗೆ ಮಣಿಕಟ್ಟಿನ ಬ್ಯಾಡ್ಜ್ ಕೊಡುತ್ತಾರೆ. ಎಲ್ಲಿಗೆ ಅಂತ ಅದರ ಮೇಲೇ ಬರೆದಿರುತ್ತದೆ. ಅವಸರದಲ್ಲಿ ಎದೆಯದ್ದು ಕೈಗೆ, ಕೈಯದ್ದು ಎದೆಗೆ ಆಗಬಾರದು.

ಹೋದ ವರ್ಷ ಒಬ್ಬ ಟೆಕ್ನಿಷಿಯನ್ ಎದುರಿಗೆ ನಿಂತು ಸುಮ್ಮನೆ ಅವರ ಜೇಬು ನೋಡಿದೆ. ಬ್ಯಾಡ್ಜ್ ಸರಿಯಾದ ಜಾಗದಲ್ಲೇ ಇತ್ತು. ಅದರ ಮುಂದೆ ಮೊಬೈಲ್. ಮೊಬೈಲಿನ ಹಿಂದೆ ಎರಡು ನಾಣ್ಯ, ಒಂದು ಸ್ಟೀಲ್ ಪೆನ್ನು. ಕುತ್ತಿಗೆಯಿಂದ ಇಳಿದ ಐಡಿ ಕಾರ್ಡ್ ಬೇರೆ ಅಡ್ಡ. ನಾಲ್ಕು ವಸ್ತುಗಳ ಹಿಂದೆ ಅವಿತುಕೊಂಡ ಬ್ಯಾಡ್ಜ್ ಏನು ಅಳೆಯುತ್ತದೆ? ಬ್ಯಾಡ್ಜ್ ಇರುವ ಜೇಬಿನಲ್ಲಿ ಬೇರೇನೂ ಇಡಬೇಡಿ. ಜೇಬಿನ ಒಳಗಿಗಿಂತ ಜೇಬಿನ ಅಂಚಿಗೆ ಸಿಕ್ಕಿಸುವುದು ಒಳ್ಳೆಯದು. ಸೀರೆ ಉಡುವ ಸಿಸ್ಟರ್‌ಗಳು ಸೆರಗಿಗೆ ಸಿಕ್ಕಿಸಿದರೆ ಅದು ಬೆನ್ನಿಗೆ ಹೋಗುತ್ತದೆ. ಮೇಲಿನ ಕೋಟಿಗೆ ಅಥವಾ ಎದೆಯ ಮೇಲಿನ ಪಿನ್ನಿಗೆ ಹಾಕಿಕೊಳ್ಳಲಿ.

## ಹಂತ 5: ಡ್ಯೂಟಿ ಮುಗಿದ ಮೇಲೆ ಎಲ್ಲಿಡಬೇಕು

ಅರ್ಧಕ್ಕಿಂತ ಜಾಸ್ತಿ ತಪ್ಪು ವರದಿಗಳು ಹುಟ್ಟುವುದು ಈ ಹಂತದಲ್ಲಿ ಅನ್ನೋದು ನನ್ನ ಅನುಭವ.

ಕೊಕ್ಕೆಯ ಹಲಗೆಯನ್ನು ಎಕ್ಸ್‌ರೇ ರೂಮಿನ ಗೋಡೆಗೆ ಹೊಡೆಯಬೇಡಿ, ಹೊರಮಗ್ಗಲಿಗೂ ಬೇಡ. ನಡುವೆ ಕನಿಷ್ಠ ಇನ್ನೊಂದು ಕೋಣೆ ಇರಲಿ. ಸರ್ವೆ ಮೀಟರ್ ಇದ್ದರೆ, ರೂಮಿನಲ್ಲಿ ಎಕ್ಸ್‌ಪೋಶರ್ ನಡೆಯುವಾಗ ಹಲಗೆಯ ಜಾಗದಲ್ಲಿ ಹಿಡಿದು ನೋಡಿ. ಮುಳ್ಳು ಅಲುಗಾಡಬಾರದು. ಬಿಸಿಲು ಬೀಳದ, ತೇವ ಇಲ್ಲದ ಜಾಗ ಆಗಿರಲಿ. ಹಲಗೆಯ ಪಕ್ಕ ಒಂದು ಪೆನ್ನು ಕಟ್ಟಿಡಿ. ಬಂದಾಗ ತೆಗೆದುಕೊಂಡು ಸಹಿ, ಹೋಗುವಾಗ ಹಾಕಿ ಸಹಿ.

ಮನೆಗೆ ಒಯ್ಯಬೇಡಿ. ಯೂನಿಫಾರಂ ಜೊತೆ ವಾಷಿಂಗ್ ಮೆಷಿನ್ನಿಗೆ ಹೋದ ಬ್ಯಾಡ್ಜ್‌ಗಳನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ, ಕಾಗದ ಕರಗಿ ಹೆಸರು ಮಸಿಯಾಗಿತ್ತು. ಬೈಕಿನ ಡಿಕ್ಕಿ ಇನ್ನೂ ಕೆಟ್ಟದ್ದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ಬಿಸಿಲು 42 ಡಿಗ್ರಿ ದಾಟುತ್ತದೆ. ಮುಚ್ಚಿದ ಡಿಕ್ಕಿಯೊಳಗಿನ ಕಾವು ಅದಕ್ಕಿಂತ ಜಾಸ್ತಿ. ಕಾಯಿಸಿಯೇ ಓದಬೇಕಾದ ವಸ್ತುವನ್ನು ನಾವೇ ಬಿಸಿಲಿಗೆ ಇಡಬಾರದು.

ಇನ್ನೊಂದು ಮುಖ್ಯ. ನೀವೇ ರೋಗಿಯಾಗಿ ಎಕ್ಸ್‌ರೇ ಅಥವಾ ಸಿಟಿ ಮಾಡಿಸಿಕೊಳ್ಳುವಾಗ ಬ್ಯಾಡ್ಜ್ ತೆಗೆದಿಡಿ. ಡ್ಯೂಟಿ ನಡುವೆ ಕಿಡ್ನಿ ಕಲ್ಲಿನ ನೋವು ಬಂತು, ಅಲ್ಲೇ ಸಿಟಿ ಮಾಡಿಸಿದರು, ಬ್ಯಾಡ್ಜ್ ಜೇಬಿನಲ್ಲೇ ಇತ್ತು. ಇಂಥದ್ದು ಆಗಿಬಿಡುತ್ತದೆ. ಆದರೆ ಅದೇ ದಿನ ರಿಜಿಸ್ಟರಿನಲ್ಲಿ ತಾರೀಖು, ಹೊತ್ತು, ಯಾವ ಪರೀಕ್ಷೆ ಅಂತ ಬರೆಯಿರಿ. ರೋಗಿಯಾಗಿ ತಗೊಂಡ ಡೋಸ್ ಕೆಲಸದ ಲೆಕ್ಕಕ್ಕೆ ಸೇರುವುದಿಲ್ಲ. ಥೈರಾಯ್ಡ್ ಸ್ಕ್ಯಾನಿಗೆ ಅಥವಾ ಚಿಕಿತ್ಸೆಗೆ ವಿಕಿರಣ ಔಷಧಿ ತಗೊಂಡಿದ್ದರೆ ಆರ್‌ಎಸ್‌ಓಗೆ ಹೇಳಿ. ನಿಮ್ಮ ಮೈಯಿಂದಲೇ ಬ್ಯಾಡ್ಜಿಗೆ ಡೋಸ್ ತಾಗುತ್ತದೆ.

## ಹಂತ 6: ಬ್ಯಾಡ್ಜ್ ಜೊತೆಗೆ ಮೈಯನ್ನೂ ಕಾಯಿರಿ

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ವಾರ್ಡಿನಲ್ಲಿ ಪೋರ್ಟಬಲ್ ಎಕ್ಸ್‌ರೇ ತೆಗೆಯುವಾಗ ಸ್ವಿಚ್ಚಿನ ಕೇಬಲ್ ಪೂರ್ತಿ ಎಳೆದು ನಿಲ್ಲಿ. 1 ಮೀಟರಿನಿಂದ 2 ಮೀಟರಿಗೆ ಸರಿದರೆ ಡೋಸ್ ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಎರಡು ಹೆಜ್ಜೆ ಸಾಕು. ಕೇಬಲ್ ಸುರುಳಿ ಕಟ್ಟಿ ಮೆಷಿನ್ ಪಕ್ಕದಲ್ಲೇ ನಿಲ್ಲುವ ಅಭ್ಯಾಸ ಬಿಡಿ.

ಅಳುವ ಮಗುವನ್ನು ಹಿಡಿಯಲು ಪ್ರತಿ ಸಲ ಅದೇ ಆಯಾ ಅಥವಾ ಅದೇ ವಾರ್ಡ್‌ಬಾಯ್ ಹೋಗಬಾರದು. ಮಗುವಿನ ಕಡೆಯವರೇ ಹಿಡಿಯಲಿ, ಅವರಿಗೂ ಏಪ್ರನ್ ಹಾಕಿ. ಹಿಡಿಯುವ ತಾಯಿಗೆ ಮೊದಲು ಕೇಳಿ, “ಅವ್ವಾ, ಮುಟ್ಟು ಏನರೆ ತಪ್ಪಿದಾವೇನ?” ಉರ್ದು, ತೆಲುಗು, ಮರಾಠಿ ಮಾತಾಡುವವರು ಬರುತ್ತಾರೆ. ಈ ಒಂದು ಪ್ರಶ್ನೆಯನ್ನು ಆ ಮೂರು ಭಾಷೆಯಲ್ಲೂ ಕಲಿತಿಡಿ.

ಏಪ್ರನ್ ಮಡಚಬೇಡಿ, ದಪ್ಪ ಹ್ಯಾಂಗರಿಗೆ ಹಾಕಿ. ಮಡಿಕೆಯ ಮೇಲೆ ಸೀಸ ಬಿರುಕು ಬಿಡುತ್ತದೆ, ಹೊರಗಿನ ಬಟ್ಟೆ ನೋಡಿದರೆ ಗೊತ್ತಾಗುವುದಿಲ್ಲ. ವರ್ಷಕ್ಕೊಮ್ಮೆ ಏಪ್ರನ್ನಿಗೇ ಎಕ್ಸ್‌ರೇ ತೆಗೆದು ನೋಡಿ.

## ಹಂತ 7: ಅವಧಿ ಮುಗಿದ ಕೂಡಲೇ ವಾಪಸ್

ಕಾಗದದ ಮೇಲಿನ ಕೊನೆ ತಾರೀಖಿಗೆ ಒಂದು ವಾರ ಮುಂಚೆ ವಾಟ್ಸಾಪ್ ಗ್ರೂಪಿನಲ್ಲಿ ನೆನಪಿಸಿ. ಜಾತ್ರೆ, ಮದುವೆ, ರಂಜಾನ್ ರಜೆಗೆ ಊರಿಗೆ ಹೋಗುವವರು ಬ್ಯಾಡ್ಜ್ ಕೊಕ್ಕೆಗೆ ಹಾಕಿ ಹೋಗಲಿ.

ಹೊಸ ಕಾರ್ಡ್ ಹಾಕುವ ದಿನವೇ ಹಳೆಯದು ಹೊರಗೆ ಬರಬೇಕು. ಎರಡನ್ನೂ ಒಟ್ಟಿಗೆ ಇಟ್ಟರೆ ಕಲಬೆರಕೆ ಆಗುತ್ತದೆ. ಕಳಿಸುವಾಗ ಎಣಿಸಿ: ಬಂದದ್ದು ಹದಿನಾಲ್ಕು ಆದರೆ ಹೋಗುವುದೂ ಹದಿನಾಲ್ಕು, ಕಂಟ್ರೋಲ್ ಸೇರಿ. ರಜೆಯಲ್ಲಿದ್ದವರ, ಒಂದು ದಿನವೂ ಬಳಸದವರ ಕಾರ್ಡೂ ಹೋಗಬೇಕು. ಸ್ಟೇಪ್ಲರ್ ಹೊಡೆಯಬೇಡಿ. ಗಟ್ಟಿ ಡಬ್ಬಿಯಲ್ಲಿ ಹಾಕಿ, ಪಟ್ಟಿಯ ಪ್ರತಿ ಇಡಿ, ಕೊರಿಯರ್ ರಸೀದಿಯ ಫೋಟೋ ತೆಗೆದಿಡಿ.

ಕಳೆದುಹೋದರೆ ಮುಚ್ಚಿಡಬೇಡಿ. ಯಾವ ದಿನದಿಂದ ಕಾಣುತ್ತಿಲ್ಲ, ಆ ಅವಧಿಯಲ್ಲಿ ಏನು ಕೆಲಸ ಮಾಡಿದಿರಿ ಅಂತ ಬರೆದು ಪ್ರಯೋಗಾಲಯಕ್ಕೆ ತಿಳಿಸಿ. ಬೈಗುಳಕ್ಕೆ ಹೆದರಿ ಬೇರೆಯವರ ಕಾರ್ಡ್ ತೋರಿಸಿದವರೂ ಇದ್ದಾರೆ. ಮೇಲಿನವರಿಗೆ ನನ್ನ ಕೋರಿಕೆ ಇಷ್ಟೇ: ಕಳೆದದ್ದನ್ನು ತಾವಾಗಿ ಬಂದು ಹೇಳಿದವರನ್ನು ಬೈಯಬೇಡಿ.

## ಹಂತ 8: ವರದಿ ಓದುವುದು

ವರದಿ ಬಂದರೆ ಫೈಲಿಗೆ ಹಾಕುವ ಮುಂಚೆ ಪ್ರತಿಯೊಬ್ಬರಿಗೂ ಅವರ ಅಂಕಿ ತೋರಿಸಿ ಸಹಿ ಮಾಡಿಸಿ. ಅದು ಅವರ ಮೈಯ ಲೆಕ್ಕ, ತಿಳಿಯುವ ಹಕ್ಕು ಅವರದ್ದು.

ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, ಇಟ್ಟಿರುವ ಮಿತಿ ಹೀಗಿದೆ. ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು. ಸಾರ್ವಜನಿಕರಿಗೆ ವರ್ಷಕ್ಕೆ 1. ಗರ್ಭಿಣಿ ಎಂದು ತಿಳಿಸಿದ ಮೇಲೆ ಹೊಟ್ಟೆಯೊಳಗಿನ ಮಗುವಿಗೆ ಉಳಿದ ತಿಂಗಳುಗಳಲ್ಲಿ 1 ದಾಟಬಾರದು. ಹಾಗಾಗಿ ಸಿಸ್ಟರ್‌ಗಳೇ, ಟೆಕ್ನಿಷಿಯನ್ ಅಕ್ಕಂದಿರೇ, ಗೊತ್ತಾದ ಕೂಡಲೇ ಹೇಳಿ. ನೀವು ಹೇಳದೆ ಯಾರೂ ಡ್ಯೂಟಿ ಬದಲಿಸಲು ಆಗುವುದಿಲ್ಲ.

ಈ ಮಿತಿ ತನಕ ಡೋಸ್ ತಗೊಳ್ಳಬಹುದು ಅಂತ ಅರ್ಥ ಅಲ್ಲ. ಗೋಡೆ ಸರಿ ಇದ್ದು, ಕಂಟ್ರೋಲ್ ಪ್ಯಾನೆಲ್ ಹಿಂದೆ ನಿಂತು ಎಕ್ಸ್‌ರೇ ತೆಗೆಯುವವರ ಅಂಕಿ ಸೊನ್ನೆಯ ಹತ್ತಿರವೇ ಇರುತ್ತದೆ. ನೋಡಬೇಕಾದ ಎಚ್ಚರಿಕೆಯ ಗುರುತುಗಳು ಇವು:

- ಯಾವಾಗಲೂ ಸೊನ್ನೆ ಇದ್ದವರಿಗೆ ಒಮ್ಮೆಲೇ ದೊಡ್ಡ ಅಂಕಿ. ಮೊದಲು ಬ್ಯಾಡ್ಜ್ ಎಲ್ಲಿತ್ತು ಕೇಳಿ.
- ಒಂದೇ ರೂಮಿನ ಎಲ್ಲರ ಅಂಕಿಯೂ ಒಟ್ಟಿಗೆ ಏರಿದ್ದರೆ ಬ್ಯಾಡ್ಜಿನ ತಪ್ಪಲ್ಲ. ಬಾಗಿಲು, ಗೋಡೆ, ಮೆಷಿನ್ ನೋಡಿಸಿ.
- ಒಬ್ಬರದ್ದು ಮೂರು ತಿಂಗಳಿಂದ ಮೂರು ತಿಂಗಳಿಗೆ ಮೆಲ್ಲಗೆ ಏರುತ್ತಿದ್ದರೆ ಅವರ ಕೆಲಸದ ರೀತಿ ಬದಲಾಗಿದೆ. ಪಕ್ಕದಲ್ಲಿ ನಿಂತು ಒಂದು ದಿನ ನೋಡಿ.
- ದಿನಕ್ಕೆ ಐದಾರು ಸಿ-ಆರ್ಮ್ ಕೇಸ್ ಮಾಡುವ ಸರ್ಜನ್ ಅಂಕಿ ಎರಡು ವರ್ಷದಿಂದ ಸೊನ್ನೆ. ಇದಕ್ಕೆ ಖುಷಿ ಪಡಬೇಡಿ. ಬ್ಯಾಡ್ಜ್ ಅವರ ಲಾಕರಿನಲ್ಲಿ ಮಲಗಿರಬಹುದು.

ಡೋಸ್ ಜಾಸ್ತಿ ಅಂತ ವಿಚಾರಣೆಯ ಪತ್ರ ಬಂದರೆ ಗಾಬರಿ ಬೇಡ. ಆ ಮೂರು ತಿಂಗಳ ಡ್ಯೂಟಿ ಪಟ್ಟಿ, ಕೇಸುಗಳ ಸಂಖ್ಯೆ, ಸಹಿ ರಿಜಿಸ್ಟರ್ ಎದುರಿಗೆ ಇಟ್ಟುಕೊಂಡು ನಡೆದದ್ದನ್ನು ನಡೆದ ಹಾಗೇ ಬರೆಯಿರಿ. ಬ್ಯಾಡ್ಜ್ ರೂಮಿನಲ್ಲಿ ಬಿಟ್ಟಿದ್ದರೆ ಹಾಗಂತಲೇ ಬರೆಯಿರಿ. ಬಿಟ್ಟಿಲ್ಲದಿದ್ದರೆ, ಪೀಡೆ ಕಳೆಯಲಿ ಅಂತ “ಮರೆತು ಬಿಟ್ಟಿದ್ದೆ” ಅಂತ ಬರೆಯಬೇಡಿ. ನಿಜವಾಗಿ ತಗೊಂಡ ಡೋಸನ್ನು ಹಾಗೆ ಅಳಿಸಿದರೆ ಮೆಷಿನ್ನಿನ ಅಥವಾ ಗೋಡೆಯ ದೋಷ ಹಾಗೇ ಉಳಿಯುತ್ತದೆ, ಮುಂದಿನ ಮೂರು ತಿಂಗಳು ಅದೇ ಜಾಗದಲ್ಲಿ ನೀವೇ ನಿಲ್ಲಬೇಕು.

## ಹಂತ 9: ಕೆಲಸ ಬಿಟ್ಟು ಹೋಗುವಾಗ

ಬ್ಯಾಡ್ಜ್ ವಾಪಸ್ ಕೊಡಿ, ರಿಜಿಸ್ಟರಿನಲ್ಲಿ ಸಹಿ ಹಾಕಿ. ನಿಮ್ಮ ಟಿಎಲ್‌ಡಿ ನಂಬರ್ ಮತ್ತು ಇಲ್ಲಿಯ ತನಕದ ಡೋಸ್ ಲೆಕ್ಕವನ್ನು ಕಾಗದದ ಮೇಲೆ ಕೇಳಿ ಪಡೆಯಿರಿ. ಹೋದ ತಿಂಗಳು ನಮ್ಮಲ್ಲಿಂದ ಬೀದರಿಗೆ ಹೋದ ಹುಡುಗಿಯೊಬ್ಬಳಿಗೆ ಆ ಹಾಳೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ಟೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇರುವ ಫೈಲಿನಲ್ಲೇ ಅದನ್ನೂ ಇಟ್ಟುಕೊಂಡಳು. ನೀವೂ ಅಲ್ಲೇ ಇಡಿ.